ಮಕ್ಕಳು ತಾವಾಗಿ ಹೇಳುವಂತಾಗಲಿ

ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹಳ್ಳಿಗಳಿಂದ ತಿಪಟೂರಿನ ಕಾಲೇಜಿಗೆ ಬಸ್ಸು ಹತ್ತುವ ಮಕ್ಕಳು ಸಂಜೆವರೆಗೆ ಏನು ಮಾಡುತ್ತಾರೆಂದು ತೋಟದಲ್ಲಿರುವ ಅಪ್ಪ-ಅಮ್ಮನಿಗೆ ಹೇಗೆ ಗೊತ್ತಾಗಬೇಕು? ಮೊಬೈಲ್ ಕಿತ್ತು ನೋಡಿದರೆ ಸಾಕು ಎನ್ನುವವರಿದ್ದಾರೆ. ಆದರೆ ಸ್ವೀಡನ್ನಿನ 14 ವರ್ಷದ 703 ಮಕ್ಕಳನ್ನೂ ಅವರ ಹೆತ್ತವರನ್ನೂ ವಿಚಾರಿಸಿ ಸಂಶೋಧಕರಾದ ಸ್ಟಾಟಿನ್ ಮತ್ತು ಕೆರ್ 2000ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಕಂಡಿತು: ಹೆತ್ತವರಿಗೆ ತಿಳಿದಿದ್ದರಲ್ಲಿ ಹೆಚ್ಚಿನದು ಮಕ್ಕಳು ತಾವಾಗಿ ಹೇಳಿದ್ದು, ಹಾಗೆ ಹೇಳಿಕೊಳ್ಳುವವರಲ್ಲಿ ದಾರಿ ತಪ್ಪಿದವರೂ ಕಡಿಮೆ. ಒಳ್ಳೆಯ ಮಕ್ಕಳು ಹೇಗೂ ಹೇಳುತ್ತಾರಲ್ಲ ಎನ್ನಬಹುದು. ನಿಜವಿರಬಹುದು. ಆದರೂ ಬಾಯಿಬಿಟ್ಟ ಕೂಡಲೇ ಬೈಗುಳ ಬಿದ್ದರೆ ಎಂಥ ಮಕ್ಕಳೂ ಮುಚ್ಚಿಡುವುದನ್ನೇ ಕಲಿಯುತ್ತಾರೆ. ಅಟ್ಟದಿಂದ ಕೊಬ್ಬರಿ ಇಳಿಸುವಾಗ, ಮಟ್ಟೆ ಸುಲಿಯುವಾಗ ಅವರನ್ನು ಜೊತೆಗೆ ಕರೆಯಿರಿ. ಕೈಗೆ ಕೆಲಸವಿದ್ದಾಗ ಮಾತು ಸಲೀಸಾಗಿ ಬರುತ್ತದೆ. ಕೊನೆಯವರೆಗೂ ಕೇಳಿಸಿಕೊಳ್ಳಿ.

ಹಾಗಾದರೆ ಶಿಸ್ತು ಬೇಡವೇ? ಖಂಡಿತ ಬೇಕು. ಹಳ್ಳಿಗೆ ಬಸ್ಸು ಕಡಿಮೆ ಎಂದು ಬೈಕಿನ ಕೀ ಕೊಡುವವರು ಗಮನಿಸಿ: 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಂತೆ ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಆಗಬಹುದು, ಆ ಮಕ್ಕಳಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಇದನ್ನೆಲ್ಲ ಮುಂದಿಟ್ಟು, ಕಾರಣ ಹೇಳಿ ಕೀ ನಿರಾಕರಿಸಿ. ಬಸ್ಸು ತಪ್ಪಿದರೆ ಫೋನ್ ಮಾಡು, ಎಷ್ಟೊತ್ತಾದರೂ ಬರುತ್ತೇವೆ ಎಂದೂ ಹೇಳಿ.