ಮನೆಯಲ್ಲಿಯೇ ಮೆಕ್ಕೆಜೋಳದ ಅರಳು

ಅಂಗಡಿಯ ಪೊಟ್ಟಣವಿಲ್ಲದೆ ಪಾಪ್‌ಕಾರ್ನ್ ಆಗದೆಂದು ನಮ್ಮ ಬಾಲಿಕೆಯರಲ್ಲಿ ಅನೇಕರು ಎಣಿಸಿರುವರು. ಪಂಚಮಿಯ ಜೋಳದ ಅರಳನ್ನು ಕಂಡವರು ಹೀಗೆನ್ನಲಾರರು. ಅರಳಿಗೆ ಬೇಕಾದುದು ಕಾಳಿನೊಳಗಿನ ತೇವ. ಅರಳುವ ಜಾತಿಯ ಮೆಕ್ಕೆಜೋಳದಲ್ಲಿ ಇದು ನೂರಕ್ಕೆ ಸುಮಾರು 14 ಪಾಲಿರಬೇಕು. ಶಾಖವು ಸುಮಾರು 180 ಡಿಗ್ರಿ ಸೆಂಟಿಗ್ರೇಡಿಗೇರಲು ಆವಿಯು ಗಟ್ಟಿಸಿಪ್ಪೆಯನ್ನೊಡೆದು, ಒಳಗಿನ ಹಿಟ್ಟು ಉಬ್ಬಿ ಹೂವಾಗುವುದು.

ದಪ್ಪತಳದ ಪಾತ್ರೆಯಲ್ಲಿ 2 ದೊಡ್ಡ ಚಮಚ ಎಣ್ಣೆಯನ್ನೂ 3 ಕಾಳುಗಳನ್ನೂ ಕಾಯಿಸಬೇಕು. ಅವು ಸಿಡಿದೊಡನೆ ಅರ್ಧ ಬಟ್ಟಲು ಕಾಳನ್ನು ಸುರಿದು, ಆವಿ ಹೊರಡುವಷ್ಟು ಸಂದಿಯಿಟ್ಟು ಮುಚ್ಚಿ, ಆಗಾಗ್ಗೆ ಅಲುಗಿಸಬೇಕು. ಸಿಡಿಯುವ ಸದ್ದು ವಿರಳವಾದೊಡನೆ ಇಳಿಸತಕ್ಕದ್ದು.

ಹಳೆಯ ಕಾಳು ಅರಳದಿದ್ದಾಗ ನಾವೂ ಒಮ್ಮೆ ಅದು ಕೆಟ್ಟಿತೆಂದು ಡಬ್ಬವನ್ನೇ ಬರಿದುಮಾಡಿದೆವು. ಅದು ಕೇವಲ ಒಣಗಿತ್ತು. ಉಳಿದ 3 ಬಟ್ಟಲು ಕಾಳಿಗೆ 1 ದೊಡ್ಡ ಚಮಚ ನೀರು ಸೇರಿಸಿ ಕುಲುಕಿ, ಬಿಗಿಯಾಗಿ ಮುಚ್ಚಿ ಕೆಲವು ದಿನವಿಟ್ಟಿದ್ದರೆ, ಆ ಕಾಳೇ ಅರಳುತ್ತಿತ್ತು.