ನಿಮ್ಹಾನ್ಸ್: ರಾತ್ರಿಯಿಡೀ ತೆರೆದಿರುವ ಬಾಗಿಲು

ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್‌ನ ತುರ್ತು ಚಿಕಿತ್ಸಾ ವಿಭಾಗಕ್ಕೆ ಹಗಲು ರಾತ್ರಿ ಎಂಬುದಿಲ್ಲ. ತಲೆಗೆ ಪೆಟ್ಟು ಬಿದ್ದವರು, ಫಿಟ್ಸ್ ಬಂದವರು, ಮನಸ್ಸು ಹತೋಟಿ ತಪ್ಪಿದವರು ಎಲ್ಲರೂ ಬರುವುದು ಇಲ್ಲಿಗೇ. ಬೆಳಗಿನ ಜಾವ ಒಬ್ಬ ಹುಡುಗನನ್ನು ಇಳಿಸಿದರು. ಮುಂಗೈಗಳಿಗೆ ಹಳೇ ಸೀರೆಯ ತುಂಡು ಬಿಗಿದಿತ್ತು. ಮೂರು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ, ಅನ್ನಕ್ಕೆ ವಿಷ ಬೆರೆಸಿದ್ದೀರಿ ಅಂತಾನೆ ಎನ್ನುತ್ತಲೇ ತಾಯಿ ಗಂಟು ಬಿಚ್ಚುತ್ತಿದ್ದರು.

ಈ ಸಂಸ್ಥೆಯ ಮೂಲವಾದ 19ನೇ ಶತಮಾನದ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆಯಾಯಿತು. 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೊಂದಿಗೆ 1974ರಲ್ಲಿ ಸೇರಿ ನಿಮ್ಹಾನ್ಸ್ ಆಯಿತು.

ಆ ಬೆಳಗಿನ ಜಾವ ತುರ್ತು ವಿಭಾಗದ ಹೊರಗೆ ಮಾತಿಗೆ ಸಿಕ್ಕವರು ಖಾಸಗಿ ಆಂಬುಲೆನ್ಸ್ ಚಾಲಕರೊಬ್ಬರು. ರಾಯಚೂರು, ಕಲಬುರಗಿ ಕಡೆಯಿಂದ ರಾತ್ರಿಯೆಲ್ಲ ಗಾಡಿ ಓಡಿಸಿಕೊಂಡು ಬರುವವರು. ಆ ಹುಡುಗನಂಥ ರೋಗಿ ಇದ್ದರೆ ಸೈರನ್ ಹಾಕುವುದಿಲ್ಲವಂತೆ. ಮೊದಲೇ ಬೆದರಿದ ಜೀವ, ಆ ಸದ್ದಿಗೆ ಬಾಗಿಲು ಒದೆಯುತ್ತದೆ. ಪಕ್ಕದ ಮನೆಯವರಿಗೆ ಗೊತ್ತಾಗದಿರಲಿ ಎಂದು ಕತ್ತಲಾದ ಮೇಲೇ ಹೊರಡಿಸುವವರು ಹೆಚ್ಚು. ತಾಯತ, ಹರಕೆ ಎಲ್ಲ ಮುಗಿದಿರುತ್ತದೆ. ಊರ ಹತ್ತಿರದ ಆಸ್ಪತ್ರೆಯಲ್ಲಿ ಬೆಂಗಳೂರಿಗೆ ಹೋಗಿ ಎಂದು ಚೀಟಿ ಬರೆದುಕೊಟ್ಟರೆಂಬುದೇ ಮನೆಯವರ ದೂರು ಎಂದು ಅವರು ಮತ್ತೆ ಮತ್ತೆ ಹೇಳಿದರು.

ಆ ದೂರು ನನ್ನದೂ ಹೌದು. ಮೊದಲ ಆರೈಕೆಗೆ ಬೇಕಾದದ್ದು ದೊಡ್ಡ ಯಂತ್ರಗಳಲ್ಲ. ಸಕ್ಕರೆ ಅಂಶ ಇಳಿದಿದೆಯೇ, ಜ್ವರವೇ, ತಲೆಗೆ ಪೆಟ್ಟೇ, ಕುಡಿತ ಏಕಾಏಕಿ ನಿಲ್ಲಿಸಿದ್ದೇ ಎಂದು ನೋಡಬೇಕು. ರೋಗಿ ಸಮಾಧಾನದ ಮಾತಿಗೆ ಬಗ್ಗದಿದ್ದರೆ ಹ್ಯಾಲೊಪೆರಿಡಾಲ್, ಪ್ರೊಮೆಥಜಿನ್ ಇಂಜೆಕ್ಷನ್ ಇವೆ. ಎರಡೂ ಅಗ್ಗದ ಔಷಧಗಳೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಜೀವಕ್ಕೆ ಅಪಾಯವಿದ್ದರೆ ನೋಂದಾಯಿತ ವೈದ್ಯರು ಯಾರೇ ಆಗಲಿ, ರೋಗಿಯ ಪ್ರತಿನಿಧಿ ಹತ್ತಿರವಿದ್ದರೆ ಅವರ ಒಪ್ಪಿಗೆ ಪಡೆದು, 72 ಗಂಟೆಯವರೆಗೆ ತುರ್ತು ಚಿಕಿತ್ಸೆ ಕೊಡಬಹುದು. ಸರಪಳಿ ಹಾಕುವುದನ್ನು ಅದೇ ಕಾಯ್ದೆ ನಿಷೇಧಿಸಿದೆ. ಪೊಲೀಸರ ಕೈಗೆ ಸಿಕ್ಕ ರೋಗಿಯನ್ನು ಲಾಕಪ್ಪಿಗೆ ಹಾಕುವಂತಿಲ್ಲ, 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು. ಜಿಲ್ಲೆಯಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದೆಂದು 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಮಾಡಿ ತೋರಿಸಿದ್ದೂ ನಿಮ್ಹಾನ್ಸೇ. ಹೀಗಿರುವಾಗ ಕೈ ಕಟ್ಟಿ ನೂರಾರು ಕಿಲೋಮೀಟರ್ ಕರೆತರುವ ಸ್ಥಿತಿ ಯಾಕೆ ಉಳಿಯಬೇಕು? ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಇದಕ್ಕೆಂದೇ ನಾಲ್ಕು ಹಾಸಿಗೆ, ರಾತ್ರಿ ಪಾಳಿಗೆ ತರಬೇತಿ ಪಡೆದ ಸಿಬ್ಬಂದಿ ಇರಲೇಬೇಕು.

ಮನೆಯಲ್ಲಿ ಯಾರಾದರೂ ಆ ಹುಡುಗನ ಸ್ಥಿತಿಯಲ್ಲಿದ್ದರೆ ಹಗ್ಗ ಹುಡುಕಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಪ್ರಾಣಕ್ಕೆ ಅಪಾಯವೆನಿಸಿದರೆ ತಡಮಾಡದೆ 108ಕ್ಕೆ ಕರೆ ಮಾಡಿ.