ಕಾಂತೀಯ ನ್ಯಾನೋಕಣಗಳಿಂದ ಬ್ಯಾಕ್ಟೀರಿಯಾ ಪತ್ತೆ

ಆಹಾರ, ನೀರು ಅಥವಾ ರಕ್ತದ ಮಾದರಿಯಲ್ಲಿರುವ ರೋಗಕಾರಕ ಬ್ಯಾಕ್ಟೀರಿಯಾಗಳಿಗೆ ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಕಣಗಳನ್ನು ಅಂಟಿಸಿ, ಅಯಸ್ಕಾಂತದಿಂದ ಸೆಳೆದು ಬೇರ್ಪಡಿಸಿ ಗುರುತಿಸುವ ವಿಧಾನವೇ ಕಾಂತೀಯ ನ್ಯಾನೋಕಣಗಳಿಂದ ಬ್ಯಾಕ್ಟೀರಿಯಾ ಪತ್ತೆ.

ಹಿನ್ನೆಲೆ

ಬ್ಯಾಕ್ಟೀರಿಯಾವನ್ನು ಪತ್ತೆಹಚ್ಚುವ ಸಾಂಪ್ರದಾಯಿಕ ಮಾರ್ಗವೆಂದರೆ ಅದನ್ನು ಪೋಷಕ ಮಾಧ್ಯಮದಲ್ಲಿ ಬೆಳೆಸುವುದು. ಆಹಾರದಲ್ಲಿನ ಸಾಲ್ಮೊನೆಲ್ಲಾವನ್ನು ಹೀಗೆ ಖಚಿತಪಡಿಸಿಕೊಳ್ಳಲು ಮೂರರಿಂದ ಐದು ದಿನಗಳು ಹಿಡಿಯುತ್ತವೆ. ಅಷ್ಟರೊಳಗೆ ಹಾಲು, ಮಾಂಸಗಳು ಮಾರಾಟವಾಗಿ ಊಟವೂ ಮುಗಿದಿರುತ್ತದೆ. ಇ. ಕೋಲೈ ಒ157:ಎಚ್7 ಎಂಬ ತಳಿಯ ನೂರಕ್ಕೂ ಕಡಿಮೆ ಕೋಶಗಳು ದೇಹವನ್ನು ಸೇರಿದರೂ ರಕ್ತಭೇದಿ ಉಂಟಾಗಬಹುದು. ಮಕ್ಕಳಲ್ಲಿ ಮೂತ್ರಪಿಂಡಗಳು ವಿಫಲವಾಗುವುದೂ ಉಂಟು. 1992-93ರಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಸರಿಯಾಗಿ ಬೇಯದ ಹ್ಯಾಂಬರ್ಗರ್‌ಗಳ ಮೂಲಕ ಹರಡಿ ನಾಲ್ವರು ಮಕ್ಕಳ ಸಾವಿಗೆ ಕಾರಣವಾದದ್ದು ಇದೇ ತಳಿ. ಇಷ್ಟು ವಿರಳವಾದ ಕೋಶಗಳನ್ನು ಬೆಳೆಸದೆ, ಇದ್ದಂತೆಯೇ ಒಂದೆಡೆ ಒಟ್ಟುಗೂಡಿಸುವುದೇ ಈ ವಿಧಾನದ ಉದ್ದೇಶ.

ಕಾರ್ಯವಿಧಾನ

ಇದರಲ್ಲಿ ಬಹುತೇಕ ಬಳಕೆಯಾಗುವುದು ಮ್ಯಾಗ್ನಟೈಟ್, ಅಂದರೆ ನಮ್ಮ ಹಿರಿಯರು ಸೂಜಿಗಲ್ಲು ಎಂದು ಕರೆದ ಖನಿಜವೇ. ಇದರ ದೊಡ್ಡ ಹರಳುಗಳು ಒಮ್ಮೆ ಪಡೆದ ಕಾಂತತ್ವವನ್ನು ಉಳಿಸಿಕೊಂಡು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕಣದ ಗಾತ್ರ ಸುಮಾರು 20 ನ್ಯಾನೋಮೀಟರಿಗಿಂತ ಕಡಿಮೆಯಾದಾಗ ಸ್ಥಿತಿ ಬೇರೆ: ಅಯಸ್ಕಾಂತ ಸಮೀಪದಲ್ಲಿರುವವರೆಗೆ ಮಾತ್ರ ಕಾಂತಗುಣವಿದ್ದು, ಅದನ್ನು ಸರಿಸಿದೊಡನೆ ಮರೆಯಾಗುತ್ತದೆ. ಸೂಪರ್‌ಪ್ಯಾರಾಮ್ಯಾಗ್ನೆಟಿಸಂ ಎಂಬ ಈ ಗುಣದಿಂದಾಗಿ ಕಣಗಳು ದ್ರವದಲ್ಲಿ ಮತ್ತೆ ಚದುರಿಕೊಳ್ಳಬಲ್ಲವು.

ಕಣಗಳಿಗೆ ಸಿಲಿಕಾ ಅಥವಾ ಪಾಲಿಮರಿನ ಲೇಪ ಕೊಟ್ಟು, ಅದರ ಮೇಲೆ ನಿರ್ದಿಷ್ಟ ಬ್ಯಾಕ್ಟೀರಿಯಾವನ್ನು ಹಿಡಿಯುವ ಪ್ರತಿಕಾಯಗಳನ್ನು ಜೋಡಿಸಲಾಗುತ್ತದೆ. ಬ್ಯಾಕ್ಟೀರಿಯಾದ ಅಳತೆ ಸುಮಾರು 1000 ನ್ಯಾನೋಮೀಟರ್. ಒಂದೇ ಕೋಶಕ್ಕೆ ನೂರಾರು ಕಣಗಳು ಅಂಟಿಕೊಳ್ಳಬಹುದು. ಒಂದು ಕಣದ ಸೆಳೆತ ಅತ್ಯಲ್ಪವಾದ್ದರಿಂದ ಈ ಗುಂಪುಗಾರಿಕೆ ಅಗತ್ಯವೂ ಹೌದು. ನಳಿಕೆಯ ಹೊರಗೆ ಅಯಸ್ಕಾಂತವನ್ನಿಟ್ಟರೆ ಒಳಗೋಡೆಯಲ್ಲಿ ಕಂದುಬಣ್ಣದ ಕಲೆ ಮೂಡುತ್ತದೆ. ಉಳಿದ ದ್ರವವನ್ನು ಚೆಲ್ಲಿ, ತೊಳೆದು, ಸಿಕ್ಕ ಕೋಶಗಳನ್ನು ಪಿಸಿಆರ್ ಮುಂತಾದ ಪರೀಕ್ಷೆಗಳಿಗೆ ಒಳಪಡಿಸುತ್ತಾರೆ. ಅಯಸ್ಕಾಂತ ಹಿಡಿದುಕೊಡುತ್ತದೆಯೇ ಹೊರತು ಹೆಸರು ಹೇಳುವುದಿಲ್ಲ.

ಪ್ರತಿಕಾಯಕ್ಕೆ ಬದಲಾಗಿ ಔಷಧವನ್ನೇ ಕೊಕ್ಕೆಯಾಗಿಸಿದ ಪ್ರಯೋಗವೂ ಇದೆ. 2003ರಲ್ಲಿ ಹಾಂಗ್‌ಕಾಂಗ್‌ನ ಸಂಶೋಧಕರು ಕಬ್ಬಿಣ-ಪ್ಲಾಟಿನಂ ಕಣಗಳಿಗೆ ವ್ಯಾಂಕೊಮೈಸಿನ್ ಎಂಬ ಪ್ರತಿಜೀವಕವನ್ನು ಜೋಡಿಸಿದರು. ಸ್ವಾರಸ್ಯವೆಂದರೆ, ಆ ಔಷಧಕ್ಕೆ ಬಗ್ಗದ ಎಂಟರೊಕಾಕಸ್ ಬ್ಯಾಕ್ಟೀರಿಯಾಗಳೂ ಈ ಕೊಕ್ಕೆಗೆ ಸಿಕ್ಕಿಬಿದ್ದವು: ಒಂಟಿ ಅಣುವಿನ ಹಿಡಿತ ಸಡಿಲವಾದರೂ ಅನೇಕ ಅಣುಗಳ ಒಟ್ಟು ಹಿಡಿತ ಬಿಗಿಯಾಗಿತ್ತು.

ರಕ್ತದ ನಂಜಿನಲ್ಲಿ ಪ್ರತಿ ಗಂಟೆಯೂ ಅಮೂಲ್ಯ. ಅದಕ್ಕೆ ಕಾರಣವಾಗುವ ಐದು ಪ್ರಭೇದಗಳನ್ನು ರಕ್ತದಿಂದಲೇ ಕೆಲವು ಗಂಟೆಗಳಲ್ಲಿ ಗುರುತಿಸುವ ಪರೀಕ್ಷೆಯೊಂದಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರಲ್ಲಿ ಅನುಮತಿ ನೀಡಿತು. ಇದರಲ್ಲಿ ಕಣಗಳು ಹಿಡಿಯುವುದು ಇಡೀ ಕೋಶವನ್ನಲ್ಲ, ಪಿಸಿಆರ್‌ನಿಂದ ವೃದ್ಧಿಗೊಳಿಸಿದ ಡಿಎನ್‌ಎಯನ್ನು. ಕಣಗಳು ಗುಂಪುಗೂಡಿದಾಗ ಸುತ್ತಲಿನ ನೀರಿನ ಕಾಂತೀಯ ಅನುರಣನ ಸಂಕೇತ ಬದಲಾಗುತ್ತದೆ. ಎಂಆರ್‌ಐ ಯಂತ್ರದ ಹಿಂದಿರುವ ತತ್ತ್ವವೂ ಇದೇ ಕಾಂತೀಯ ಅನುರಣನ.

ಮಿತಿಗಳು

ಹಾಲಿನ ಕೊಬ್ಬು, ಮಾಂಸದ ಪ್ರೋಟೀನುಗಳು ಕಣಗಳ ಮೇಲ್ಮೈಯನ್ನು ಆವರಿಸಿ ಹಿಡಿತವನ್ನು ಕುಂದಿಸುತ್ತವೆ. ಪ್ರತಿಕಾಯಗಳು ಕೆಲವೊಮ್ಮೆ ನಿರುಪದ್ರವಿ ಸಂಬಂಧಿಗಳಿಗೂ ಅಂಟುತ್ತವೆ. ಸತ್ತ ಕೋಶವನ್ನೂ ಜೀವಂತ ಕೋಶದಂತೆಯೇ ಹಿಡಿಯುವುದರಿಂದ, ಕುದಿಸಿದ ಹಾಲು ಕೂಡ ಅಪಾಯಕಾರಿಯೆಂದು ತೋರಬಹುದು. ಆದಕಾರಣ ಆಹಾರ ಪರೀಕ್ಷೆಯಲ್ಲಿ ಸಂಶಯ ಕಂಡುಬಂದ ಮಾದರಿಯನ್ನು ಮಾಧ್ಯಮದಲ್ಲಿ ಬೆಳೆಸಿ ದೃಢಪಡಿಸಿಕೊಳ್ಳುವ ಪದ್ಧತಿ ಇಂದಿಗೂ ಉಳಿದಿದೆ.